ನೆತ್ತರುಗೊಡಗೆ

ಹಳೆಯ ಕನ್ನಡ ಶಾಸನಗಳಲ್ಲಿ ಅಲ್ಲಲ್ಲಿ ಎದುರಾಗುವ ಒಂದು ಮಾತು 'ನೆತ್ತರುಗೊಡಗೆ'. ನೆತ್ತರು ಎಂದರೆ ರಕ್ತ; ಕೊಡಗೆ ಎಂದರೆ ಕೊಟ್ಟದ್ದು, ದತ್ತಿ. ಕಾಳಗದಲ್ಲೋ, ಕಳ್ಳರು ಹೊಡೆದುಕೊಂಡು ಹೋದ ದನಗಳನ್ನು ಬಿಡಿಸಿ ತರುವಾಗಲೋ, ಊರನ್ನು ಕಾಯುವಾಗಲೋ ಪ್ರಾಣ ಕೊಟ್ಟವನ ಮನೆಯವರ ಜೀವನಕ್ಕೆಂದು ತೆರಿಗೆಯಿಲ್ಲದೆ ಬಿಟ್ಟುಕೊಟ್ಟ ಭೂಮಿಗೆ ಆ ಹೆಸರು. ರಕ್ತಗೊಡಗೆ, ರಕ್ತಮಾನ್ಯ ಎಂಬ ರೂಪಗಳೂ ಉಂಟು. ತಮಿಳುನಾಡಿನ ಶಾಸನಗಳಲ್ಲಿ ಇದನ್ನೇ ಉದಿರಪ್ಪಟ್ಟಿ ಎಂದು ಕರೆದಿದ್ದಾರೆ. ಅಲ್ಲಿಯ ಉದಿರವೂ ನಮ್ಮ ರುಧಿರವೂ ಒಂದೇ. ದುಡಿಮೆಯಲ್ಲಿ ಸತ್ತವನ ಹೆಂಡತಿ ಮಕ್ಕಳಿಗೆ ಸಮಾಜವು ಏನನ್ನಾದರೂ ಕೊಡಬೇಕು ಎಂಬ ಭಾವನೆಯನ್ನು ನಾವು ಯೂರೋಪಿನಿಂದ ಕಲಿತೆವೆಂದು ತಿಳಿದವರು ಬಹಳ ಮಂದಿ. ಭಾವನೆ ನಮ್ಮ ಕೆರೆಯೇರಿಗಳ ಮೇಲೆಯೇ ಸಾವಿರ ವರ್ಷದಿಂದ ಕಲ್ಲಾಗಿ ನಿಂತಿದೆ. ಅದು ಯಾರಿಗೆ ಸಲ್ಲುತ್ತಿತ್ತು, ಯಾರಿಗೆ ಸಲ್ಲುತ್ತಿರಲಿಲ್ಲ ಎಂಬುದೇ ನಾನು ಇಂದು ವಿಚಾರ ಮಾಡಬೇಕೆಂದಿರುವ ಸಂಗತಿ. ಹೀಗೆ ವಿಚಾರ ಮಾಡುವುದಕ್ಕೆ ನನಗೆ ಮನೆಯ ಕಾರಣವೊಂದಿದೆ; ಅದನ್ನು ಆಮೇಲೆ ಹೇಳುತ್ತೇನೆ.

ಎಂ.ಎ. ತರಗತಿಯಲ್ಲಿ ನಾವು ವೀರಗಲ್ಲಿನ ಶಾಸನಗಳನ್ನು ಓದುತ್ತಿದ್ದ ಕ್ರಮವೇ ಬೇರೆ. ಶಕಟರೇಫ ಎಲ್ಲಿ ಬಂದಿದೆ, ರಳ ಎಲ್ಲಿ ಉಳಿದಿದೆ, ದೊರೆಯ ಬಿರುದಾವಳಿಯಲ್ಲಿ ಯಾವ ಸಮಾಸವಿದೆ, ಕಾಲ ಯಾವುದು, ಇಷ್ಟನ್ನು ಮುಗಿಸುವ ಹೊತ್ತಿಗೆ ಗಂಟೆ ಬಾರಿಸುತ್ತಿತ್ತು. 'ಇನ್ನು ಉಳಿದದ್ದು ದತ್ತಿಯ ವಿವರ' ಎಂದು ಮೇಷ್ಟ್ರು ಪುಸ್ತಕ ಮುಚ್ಚುತ್ತಿದ್ದರು. ಮುಂದೆ ನಾನೂ ಮೇಷ್ಟ್ರಾಗಿ ಮೂವತ್ತು ವರ್ಷ ಅದೇ ಮಾತು ಹೇಳಿ ಅದೇ ಸಾಲಿನಲ್ಲಿ ಪುಸ್ತಕ ಮುಚ್ಚಿದ್ದೇನೆ. ವೀರನ ಮನೆಯವರಿಗೆ ಮುಖ್ಯವಾಗಿದ್ದ ಸಾಲು ಅದೊಂದೇ ಇದ್ದಿರಬೇಕೆಂಬುದು ನಿವೃತ್ತಿಯ ತನಕ ನನಗೆ ಹೊಳೆಯಲಿಲ್ಲ.

ಬೇಗೂರಿನ ಪ್ರಸಿದ್ಧ ವೀರಗಲ್ಲನ್ನೇ ತೆಗೆದುಕೊಳ್ಳೋಣ. ಅದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನೋಡಿದವರಿಗೆ ಮರೆಯುವಂಥದಲ್ಲ: ಆನೆ, ಕುದುರೆ, ಬಿಲ್ಲು, ಕತ್ತಿ, ಬಿದ್ದ ಹೆಣ, ಎಲ್ಲವೂ ಒಂದೇ ಚಪ್ಪಡಿಯಲ್ಲಿ ಕಿಕ್ಕಿರಿದು ನಿಂತಿವೆ. ಗಂಗರ ಎರೆಯಪ್ಪರಸನ ಅಪ್ಪಣೆಯಂತೆ ನಾಗತ್ತರನು ಅಯ್ಯಪದೇವನಿಗೆ ನೆರವಾಗಿ ಹೋಗಿ, ತುಂಬೆಪಾಡಿಯ ಬಯಲಿನಲ್ಲಿ ವೀರಮಹೇಂದ್ರನ ಸೈನ್ಯದೊಡನೆ ಕಾದಿ, ಆನೆಗಳ ನಡುವೆ ಸತ್ತನು. ಕಾಲ ಒಂಬತ್ತನೆಯ ಶತಮಾನದ ಕೊನೆ ಅಥವಾ ಹತ್ತನೆಯದರ ಆರಂಭ. ಶಿಲ್ಪವನ್ನು ಎಲ್ಲರೂ ಹೊಗಳುತ್ತಾರೆ. ಶಾಸನದ ಮುಂದಿನ ಭಾಗ ಹೇಳುವುದು ಇಷ್ಟು: ಸುದ್ದಿ ಕೇಳಿದ ದೊರೆ ಇರುಗನೆಂಬವನಿಗೆ ನಾಗತ್ತರ ಪಟ್ಟವನ್ನು ಕಟ್ಟಿಸಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಅಷ್ಟಕ್ಕೆ ನಿಲ್ಲದೆ ಆ ಹಳ್ಳಿಗಳ ಹೆಸರನ್ನು ಒಂದೊಂದಾಗಿ ಕೊರೆಸಿದ್ದಾನೆ. ಆ ಪಟ್ಟಿಯ ಇಗ್ಗಲೂರು ಈಗಲೂ ಬೆಂಗಳೂರಿನ ದಕ್ಷಿಣಕ್ಕೆ ಅದೇ ಹೆಸರಿನಲ್ಲಿದೆ. ಕವಿಯ ದೃಷ್ಟಿಯಿಂದ ನೋಡಿದರೆ ಊರ ಪಟ್ಟಿ ನೀರಸ. ಆದರೆ ಸತ್ತವನ ಕುಲದವರು ಮುಂದೆ ಯಾರೊಡನೆಯಾದರೂ ತಕರಾರಿಗೆ ನಿಂತಾಗ ಅವರ ಕೈಹಿಡಿಯುತ್ತಿದ್ದುದು ಆ ಪಟ್ಟಿ, ಆನೆಯ ಚಿತ್ರವಲ್ಲ. ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಬಹುದು. ಬೆಂಗಳೂರು ಎಂಬ ಹೆಸರು ಮೊದಲು ಸಿಕ್ಕಿತೆಂದು ನಾವೆಲ್ಲ ಹೆಮ್ಮೆಯಿಂದ ತೋರಿಸುವ ಬೇಗೂರಿನ ಸಣ್ಣ ಶಾಸನವಿದೆಯಲ್ಲ, ಅದು ಹೇಳುವುದೂ ಇದೇ ನಾಗತ್ತರನ ಮನೆಗೆ ಸೇರಿದವರು ಬೆಂಗಳೂರಿನ ಕಾಳಗದಲ್ಲಿ ಸತ್ತ ಸಂಗತಿಯನ್ನೇ. ಊರಿನ ಹೆಸರನ್ನು ಇಟ್ಟುಕೊಂಡು ಸತ್ತವರನ್ನು ಬಿಟ್ಟಿದ್ದೇವೆ.

ಕಲ್ನಾಡು, ಬಾಳ್ಗಚ್ಚು, ನೆತ್ತರುಗೊಡಗೆ, ಇವು ಒಂದೇ ಬಳಗದ ಮಾತುಗಳು. ಕಲ್ಲು ನಿಲ್ಲಿಸಿ ಕೊಟ್ಟ ನೆಲ ಕಲ್ನಾಡು. ಬಾಳು ಎಂದರೆ ಕತ್ತಿ. ಕತ್ತಿಯ ರಕ್ತ ತೊಳೆದು ಕೊಡುವ ದತ್ತಿ ಬಾಳ್ಗಚ್ಚು. ಕ್ರಿ.ಶ. 450ರ ಸುಮಾರಿನದೆಂದು ಹೇಳುವ ಹಲ್ಮಿಡಿಯ ಶಾಸನದಲ್ಲಿಯೇ ವಿಜಅರಸನಿಗೆ ಬಾಳ್ಗಚ್ಚಾಗಿ ಊರುಗಳನ್ನು ಕೊಟ್ಟ ಮಾತಿದೆ. ಆತ ಬದುಕಿದ್ದು ಪಡೆದವನು. ಆದರೂ ಕನ್ನಡ ಬರವಣಿಗೆ ಕಣ್ಣುಬಿಡುವ ಹೊತ್ತಿನಲ್ಲೇ ನೆತ್ತರಿಗೂ ನೆಲಕ್ಕೂ ಲೆಕ್ಕ ಇತ್ತೆಂಬುದನ್ನು ಗಮನಿಸಬೇಕು. ಚಿದಾನಂದಮೂರ್ತಿಯವರು 1966ರಲ್ಲಿ ಪ್ರಕಟಿಸಿದ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ', ಶೇಷಶಾಸ್ತ್ರಿಗಳ 'ಕರ್ನಾಟಕದ ವೀರಗಲ್ಲುಗಳು', ಈ ಎರಡು ಪುಸ್ತಕಗಳನ್ನು ತಿರುವಿದವರಿಗೆ ಇವೆಲ್ಲ ಹೊಸದಲ್ಲ.

ಕೊಡುತ್ತಿದ್ದವರು ದೊರೆಗಳು ಮಾತ್ರವಲ್ಲ. ತುರುಗೋಳಿನಲ್ಲಿ ಸತ್ತವನಿಗೆ ಊರ ಗಾವುಂಡರು ಕೊಡುತ್ತಾರೆ, ಅಗ್ರಹಾರವಾದರೆ ಮಹಾಜನರು ಕೊಡುತ್ತಾರೆ, ಊರೊಕ್ಕಲೆಲ್ಲ ಕೂಡಿ ಕೊಡುವುದೂ ಉಂಟು. ತಮ್ಮ ದನವನ್ನು ತಂದವನಿಗೆ ತಮ್ಮ ನೆಲದಲ್ಲಿ ಪಾಲು. ಕೆರೆಯ ಕೆಳಗೆ ಗದ್ದೆ ಇಷ್ಟು ಕೊಳಗ, ಬೆದ್ದಲು ಇಷ್ಟು ಖಂಡುಗ ಎಂದು ಬಿತ್ತನೆಯ ಅಳತೆಯಲ್ಲಿ ಹೇಳುತ್ತಾರೆ. ಒಮ್ಮೆ ಕೈಗೆ ಹಣ ಕೊಟ್ಟು ಕಳುಹಿಸುವ ಪದ್ಧತಿ ಇದಲ್ಲ. ಹಣ ಮೂರು ವರ್ಷಕ್ಕೆ ತೀರುತ್ತದೆ, ಸತ್ತವನ ಮಗುವಿಗೆ ಆಗ ಇನ್ನೂ ಐದು ವರ್ಷ. ನೆಲವಾದರೆ ವರ್ಷ ವರ್ಷವೂ ರಾಗಿ ಕೊಡುತ್ತದೆ, ಭತ್ತ ಕೊಡುತ್ತದೆ. ಈ ಲೆಕ್ಕ ನಮ್ಮ ಹಿರಿಯರಿಗೆ ತಿಳಿದಿತ್ತು. ಕಾಗದ ಕಳೆದುಹೋಗುತ್ತದೆ, ಸಾಕ್ಷಿ ಹೇಳುವವನು ಸಾಯುತ್ತಾನೆ. ಆದುದರಿಂದ ಹಕ್ಕುಪತ್ರವನ್ನು ಕಲ್ಲಿನಲ್ಲಿ ಬರೆದು ಎಲ್ಲರೂ ಓಡಾಡುವ ದಾರಿಯಲ್ಲಿ ನಿಲ್ಲಿಸಿದರು. ಅಪಹರಿಸಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗಲಿ ಎಂಬ ಶಾಪವನ್ನು ನಾವು ಅಲಂಕಾರವೆಂದು ಓದುತ್ತೇವೆ. ಕೋರ್ಟು ದೂರವಿದ್ದ ಕಾಲದಲ್ಲಿ ವಿಧವೆಯ ಪರವಾಗಿ ನಿಂತ ವಕೀಲ ಅದೇ.

ಎಷ್ಟರ ಮಟ್ಟಿಗೆ ಈ ಪದ್ಧತಿ ಬೇರೂರಿತ್ತೆಂದರೆ ನಾಯಿಗೂ ನೆಲ ಸಿಕ್ಕಿದೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಕ್ರಿ.ಶ. 949-50ರದು. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೆರನು ರಾಷ್ಟ್ರಕೂಟ ಮೂರನೆಯ ಕೃಷ್ಣನಿಂದ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದನು. ಅದು ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟು, ಆ ಭೂಮಿಯನ್ನು ಉಣ್ಣುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪವನ್ನು ಹೊರುವನೆಂದು ಬರೆಸಿದ್ದಾರೆ. ಈ ಕಥೆ ಹೇಳಿದಾಗಲೆಲ್ಲ ತರಗತಿಯಲ್ಲಿ ಹುಡುಗರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಈಗ ಅಷ್ಟು ನಗು ಬರುವುದಿಲ್ಲ.

ಏಕೆಂದರೆ ನಾಯಿಗೆ ಸಿಕ್ಕಿದ್ದು ಎಲ್ಲ ಮನುಷ್ಯರಿಗೂ ಸಿಕ್ಕಿರಲಿಲ್ಲ. ಕೊಡಗೆ ಸಲ್ಲುತ್ತಿದ್ದುದು ಕಾದಿ ಸತ್ತವನಿಗೆ. ಹುಲಿ ಹಂದಿಗಳೊಡನೆ ಹೋರಾಡಿ ಸತ್ತವನಿಗೂ ಸಂದದ್ದುಂಟು. ಬಾವಿ ತೋಡುವಾಗ ಮಣ್ಣು ಕುಸಿದು ಸತ್ತವನಿಗೆ? ಗುಡಿಯ ಶಿಖರಕ್ಕೆ ಕಲ್ಲೇರಿಸುವಾಗ ಹಗ್ಗ ಹರಿದು ಅಪ್ಪಚ್ಚಿಯಾದವನಿಗೆ? ಬೇಲೂರು ಹಳೇಬೀಡುಗಳಲ್ಲಿ ಶಿಲ್ಪಿಗಳು ತಮ್ಮ ಹೆಸರನ್ನೂ ಬಿರುದನ್ನೂ ಕೆತ್ತಿಕೊಂಡಿದ್ದಾರೆ. ಕಲ್ಲು ಹೊತ್ತವರ ಹೆಸರು ಯಾವ ಕಂಬದ ಬುಡದಲ್ಲಿಯೂ ನನ್ನ ಕಣ್ಣಿಗೆ ಬಿದ್ದಿಲ್ಲ. ಕೆರೆ ಕಟ್ಟಿಸಿದವನಿಗೆ ಕಟ್ಟುಗೊಡಗೆ ಸಿಕ್ಕುತ್ತಿತ್ತು. ಕೆರೆಗಾಗಿ ಸತ್ತವರ ಮಾತು ಬಂದರೆ ಶಾಸನ ಸುಮ್ಮನಾಗುತ್ತದೆ, ಜನಪದ ಕಥನಗೀತೆ ಮಾತಾಡುತ್ತದೆ. 'ಕೆರೆಗೆ ಹಾರ'ದ ಭಾಗೀರಥಿ ಸತ್ತದ್ದು ಕೆರೆಗೆ ನೀರು ಬರಲೆಂದು. ಅವಳ ತವರಿಗೆ ಯಾರೂ ನೆಲ ಬಿಡಲಿಲ್ಲ.

ಹೆಂಡತಿಯ ವಿಷಯ ಇನ್ನೂ ಇಕ್ಕಟ್ಟಿನದು. ಕೊಡಗೆ ಸಾಮಾನ್ಯವಾಗಿ ಮಗನ ಹೆಸರಿಗೆ ಅಥವಾ ತಮ್ಮನ ಹೆಸರಿಗೆ. ವೀರಗಲ್ಲಿನ ಪಕ್ಕದಲ್ಲಿಯೇ ಬಳೆ ತೊಟ್ಟ ಕೈಯೊಂದನ್ನು ಎತ್ತಿ ತೋರಿಸುವ ಇನ್ನೊಂದು ಕಲ್ಲು ಕೆಲವೆಡೆ ಇರುತ್ತದೆಯಲ್ಲ, ಮಾಸ್ತಿಕಲ್ಲು, ಅದು ಏನು ಎಂದು ನಿಮಗೆ ಗೊತ್ತು. ಊರು ವಿಧವೆಯ ಜೀವನಾಂಶದ ಪ್ರಶ್ನೆಯನ್ನು ಹಾಗೆಯೂ ಬಗೆಹರಿಸಿಕೊಂಡದ್ದುಂಟು. ಆ ಕಲ್ಲಿಗೆ ಅರಿಸಿನ ಕುಂಕುಮ ಹಚ್ಚುವವರನ್ನು ನಾನು ಆಕ್ಷೇಪಿಸುವುದಿಲ್ಲ. ಅದರ ಶಿಲ್ಪಸೌಂದರ್ಯದ ಮೇಲೆ ಪ್ರಬಂಧ ಬರೆಯುವವರನ್ನು ಕಂಡರೆ ಮಾತ್ರ ಬೇಸರವಾಗುತ್ತದೆ. ಅಂಥದೊಂದು ಪ್ರಬಂಧವನ್ನು ನಾನೇ ಬರೆದಿದ್ದೇನೆ.

ಇನ್ನು ಮನೆಯ ಕಾರಣಕ್ಕೆ ಬರುತ್ತೇನೆ. ನನ್ನ ಸೋದರಮಾವ ನಾಲೆಯ ಕೆಲಸಕ್ಕೆ ಬಂಡೆ ಸಿಡಿಸುವ ಕಡೆ ಕೂಲಿಯಾಗಿದ್ದರು. 1971ರ ಬೇಸಗೆಯಲ್ಲಿ, ಹೊತ್ತಿಲ್ಲವೆಂದು ಬಿಟ್ಟಿದ್ದ ಕುಳಿಯ ಹತ್ತಿರಕ್ಕೆ ಮತ್ತೆ ಹೋದಾಗ ಮದ್ದು ಸಿಡಿಯಿತು. ನನಗೆ ಆಗ ಹನ್ನೊಂದು ವರ್ಷ. ಹದಿಮೂರನೆಯ ದಿನ ಕಳೆದ ಮೇಲೆ ಕಂಟ್ರಾಕ್ಟರ ಕಡೆಯ ಮನುಷ್ಯನೊಬ್ಬ, ಊರಿನ ಹಿರಿಯರಿಬ್ಬರನ್ನು ಮುಂದಿಟ್ಟುಕೊಂಡು ಮನೆಗೆ ಬಂದ. ಜಗುಲಿಯ ಮೇಲೆ ಚಾಪೆ ಹಾಸಿದರು. ಆತ ಮುನ್ನೂರು ರೂಪಾಯಿ ಎಣಿಸಿಟ್ಟು, ಛಾಪಾ ಕಾಗದ ತೆಗೆದ. 'ಓದಿ ಹೇಳೋರು ಯಾರಾದ್ರೂ ಇದ್ದಾರಾ?' ಎಂದು ಕೇಳಿದಾಗ ಅಮ್ಮ ನನ್ನನ್ನು ಮುಂದೆ ತಳ್ಳಿದಳು. ಮನೆಯಲ್ಲಿ ಓದು ಬರುತ್ತಿದ್ದವನು ನಾನೊಬ್ಬನೇ. ನಾನು ಶಾಲೆಯಲ್ಲಿ ಪದ್ಯ ಓದುವ ಹಾಗೆ, ಒಂದು ಅಕ್ಷರ ತಪ್ಪದೆ, ಗಟ್ಟಿಯಾಗಿ ಓದಿದೆ. ಈ ಬಾಬಿನಲ್ಲಿ ಪೂರಾ ಹಣ ಸಂದಿದೆ, ಇನ್ನು ಮುಂದೆ ನನ್ನದಾಗಲಿ ನನ್ನ ಮಕ್ಕಳದಾಗಲಿ ಯಾವ ತಕರಾರೂ ಇರುವುದಿಲ್ಲ ಎಂಬುದು ಅದರ ತಾತ್ಪರ್ಯ. 'ಬಾಬು' ಎಂದರೇನೆಂದು ನನಗೆ ತಿಳಿದಿರಲಿಲ್ಲ. ಹಿರಿಯರು 'ಹುಡುಗ ಚೆನ್ನಾಗಿ ಓದ್ತಾನೆ' ಎಂದರು. ಅತ್ತೆ ಹೆಬ್ಬೆಟ್ಟು ಒತ್ತಿದರು.

ಆ ಹೊತ್ತಿಗೆ ಕಾಯಿದೆ ಇರಲಿಲ್ಲವೆಂದಲ್ಲ. ಅದು ಬಂದು ಐವತ್ತು ವರ್ಷ ಸಮೀಪಿಸಿತ್ತು. ಆ ಕಾಯಿದೆಯ ಕಥೆಯನ್ನು ಸ್ವಲ್ಪದಲ್ಲಿ ಹೇಳುತ್ತೇನೆ. 1855ರಲ್ಲಿ ಆದ ಒಂದು ಕಾನೂನಿನಂತೆ ಅಪಘಾತದಲ್ಲಿ ಸತ್ತವನ ಮನೆಯವರು ದಾವೆ ಹೂಡಬಹುದಾಗಿತ್ತು. ಆದರೆ ತಪ್ಪು ಎದುರಾಳಿಯದೆಂದು ರುಜುವಾತು ಮಾಡಬೇಕಾಗಿತ್ತು. ಗಣಿಯ ತಳದಲ್ಲಿ ನಡೆದದ್ದನ್ನು ವಿಧವೆ ಹೇಗೆ ರುಜುವಾತು ಮಾಡಿಯಾಳು? ಇಂಗ್ಲೆಂಡು 1897ರಲ್ಲಿ ಆ ಗಂಟನ್ನು ಬಿಚ್ಚಿತು. ತಪ್ಪು ಯಾರದೇ ಇರಲಿ, ಕೆಲಸದಿಂದ, ಕೆಲಸದ ಹೊತ್ತಿನಲ್ಲಿ ಸತ್ತರೆ ಸಾಕು, ಮಾಲೀಕ ಕೊಡಬೇಕು. ಬ್ರಿಟಿಷ್ ಇಂಡಿಯಾದಲ್ಲಿ ಅದೇ ತತ್ತ್ವದ ಕೂಲಿಕಾರರ ಪರಿಹಾರ ಕಾಯಿದೆ 1923ರಲ್ಲಿ ಆಯಿತು, 1924ರ ಜುಲೈ 1ರಿಂದ ಜಾರಿಗೆ ಬಂತು. ವೀರಗಲ್ಲೂ ಹೀಗೆಯೇ ಅಲ್ಲವೆ? ತುಂಬೆಪಾಡಿಯ ಕಾಳಗದಲ್ಲಿ ತಪ್ಪು ಯಾರದೆಂದು ಎರೆಯಪ್ಪ ವಿಚಾರಣೆ ನಡೆಸಲಿಲ್ಲ. ನನ್ನ ಕೆಲಸದಲ್ಲಿ ಸತ್ತ ಎಂಬುದಷ್ಟೇ ಅವನಿಗೆ ಸಾಕಾಗಿತ್ತು.

ವಯಸ್ಕ ಕೂಲಿಕಾರ ಸತ್ತರೆ ಮೂವತ್ತು ತಿಂಗಳ ಕೂಲಿ ಅಥವಾ 2,500 ರೂಪಾಯಿ, ಯಾವುದು ಕಡಮೆಯೋ ಅದು, ಎಂದು 1923ರ ಕಾಯಿದೆ ಗೊತ್ತುಮಾಡಿತು. 'ಯಾವುದು ಕಡಮೆಯೋ ಅದು' ಎಂಬ ಮಾತನ್ನು ಬರೆದವನ ಕೈಯನ್ನು ಒಮ್ಮೆ ನೋಡಬೇಕೆನ್ನಿಸುತ್ತದೆ. ಆದರೆ ಅದೇ ಕಾಯಿದೆಯ ಎಂಟನೆಯ ಕಲಮನ್ನು ಬರೆದವನು ಲೋಕ ಕಂಡವನು. ಸತ್ತವನ ಪರಿಹಾರವನ್ನು ಮಾಲೀಕ ಮನೆಯವರ ಕೈಗೆ ನೇರವಾಗಿ ಕೊಡಕೂಡದು, ಕಮಿಷನರ ಬಳಿ ಠೇವಣಿ ಇಡಬೇಕು. ಅಲ್ಪಸ್ವಲ್ಪ ಮುಂಗಡದ ಹೊರತು, ನೇರವಾಗಿ ಕೊಟ್ಟದ್ದು ಕೊಟ್ಟಂತೆಯೇ ಅಲ್ಲ. ವಿಧವೆಯ, ಮೈನರು ಮಕ್ಕಳ ಪಾಲನ್ನು ಕಮಿಷನರು ಅವರ ಹಿತಕ್ಕಾಗಿ ಬಡ್ಡಿಗೆ ತೊಡಗಿಸಬಹುದು. ಹಣವನ್ನು ನೆಲದಂತೆ ಮಾಡುವ ಪ್ರಯತ್ನ ಇದು. ವರ್ಷ ವರ್ಷವೂ ಏನಾದರೂ ಬರಲಿ, ಒಂದೇ ದಿನ ಕರಗದಿರಲಿ, ಜಗುಲಿಯ ಮೇಲೆ ಹಿರಿಯರ ಎದುರಿಗೆ ಹೆಬ್ಬೆಟ್ಟಿಗೆ ಮಾರಿಹೋಗದಿರಲಿ ಎಂಬ ಎಚ್ಚರ. ಹನ್ನೆರಡನೆಯ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೆಲಸವನ್ನು ಕಂಟ್ರಾಕ್ಟಿಗೆ ಕೊಟ್ಟವರೂ ಹೊಣೆ ಎನ್ನುತ್ತದೆ. ಅಂದರೆ ನಾನು ಅಕ್ಷರ ತಪ್ಪದೆ ಓದಿದ ಆ ಕಾಗದಕ್ಕೆ ಕಾನೂನಿನ ಮುಂದೆ ಬೆಲೆಯೇ ಇರಲಿಲ್ಲ. ಅತ್ತೆಗೆ ಅದರ ಹಲವು ಪಟ್ಟು ಸಲ್ಲಬೇಕಾಗಿತ್ತು. ಇದು ನನಗೆ ತಿಳಿದದ್ದು ವಕೀಲ ಮಿತ್ರರೊಬ್ಬರ ಮನೆಯಲ್ಲಿ ಕಾಯಿದೆಯ ಪುಸ್ತಕವನ್ನು ಹೊತ್ತು ಕಳೆಯಲೆಂದು ತಿರುವುತ್ತಿದ್ದಾಗ, ಘಟನೆ ನಡೆದು ಇಪ್ಪತ್ತಾರು ವರ್ಷಗಳ ಮೇಲೆ. ಕಲ್ಲಿನ ಕೊನೆಯ ಸಾಲಿನಂತೆ ಇದೂ ನಾನು ಓದದೆ ಬಿಟ್ಟ ಸಾಲು.

ಕೋಲಾರದ ಚಿನ್ನದ ಗಣಿಯ ಹೆಸರೆತ್ತದೆ ಕರ್ನಾಟಕದಲ್ಲಿ ಈ ವಿಷಯ ಪೂರ್ಣವಾಗುವುದಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಹಾಕಿದ ಗಣಿ ಕೊನೆಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಆ ಆಳದಲ್ಲಿ ಬಂಡೆ ತಾನಾಗಿ ಸಿಡಿದರೆ ಮೇಲಿನ ಊರಿನ ಮನೆಗಳೂ ಭೂಕಂಪವಾದಂತೆ ನಡುಗುತ್ತಿದ್ದವು. ನಡುಗಿದ ಕೂಡಲೆ ಕೆಳಗೆ ಯಾರ ಪಾಳಿ ಎಂದು ಹೆಂಗಸರು ಲೆಕ್ಕ ಹಾಕುತ್ತಿದ್ದರಂತೆ. ದುಡಿದವರಲ್ಲಿ ಬಹಳ ಮಂದಿ ತಮಿಳು ತೆಲುಗು ಸೀಮೆಗಳಿಂದ ಬಂದವರು. 1923ರ ಕಾಯಿದೆ ಸಂಸ್ಥಾನಗಳಿಗೆ ತಾನಾಗಿ ಅನ್ವಯಿಸುತ್ತಿರಲಿಲ್ಲವಾದುದರಿಂದ ಮೈಸೂರು ತನ್ನದೇ ಕಾಯಿದೆಯನ್ನು ಮಾಡಿಕೊಳ್ಳಬೇಕಾಯಿತು. ಬಂಡೆ ಬಿದ್ದು ಸತ್ತವನ ಸಾವಿಗೆ ದಿನಾಂಕವಿದೆ. ಕಲ್ಲಿನ ಧೂಳನ್ನು ಇಪ್ಪತ್ತು ವರ್ಷ ಉಸಿರಾಡಿ, ಊರಿಗೆ ಹೋಗಿ, ಕೆಮ್ಮಿ ಸತ್ತವನ ಸಾವು ಯಾವ ದಿನ ನಡೆಯಿತೆಂದು ಹೇಳುವುದು ಕಷ್ಟ. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು.

ಕಾಯಿದೆ ಅಲ್ಲಿಗೇ ನಿಂತಿಲ್ಲ ಎಂಬುದನ್ನೂ ಹೇಳಬೇಕು. 'ಯಾವುದು ಕಡಮೆಯೋ ಅದು' ಹೋಗಿ, ಸಾವಿನ ಮಟ್ಟಿಗೆ 'ಯಾವುದು ಹೆಚ್ಚೋ ಅದು' ಬಂದಿದೆ. 2009ರ ತಿದ್ದುಪಡಿಯಲ್ಲಿ ಕೂಲಿಕಾರ ಎಂಬ ಮಾತು ನೌಕರ ಎಂದಾಯಿತು. ಈಗ ಅದೆಲ್ಲ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಲೆಕ್ಕದ ರೀತಿ ಹೀಗೆ: ತಿಂಗಳ ಸಂಬಳದ ಅರ್ಧವನ್ನು ವಯಸ್ಸಿಗೆ ಗೊತ್ತುಮಾಡಿದ ಅಂಕಿಯಿಂದ ಗುಣಿಸಬೇಕು. ಹಳೆಯ ಕಾಯಿದೆಯ ಪಟ್ಟಿಯಲ್ಲಿ ಮೂವತ್ತಕ್ಕೆ ಆ ಅಂಕಿ 207.98, ನಲವತ್ತಕ್ಕೆ 184.17. ಸಂಬಳ ಎಷ್ಟೇ ಇದ್ದರೂ ಲೆಕ್ಕಕ್ಕೆ ಹಿಡಿಯುವುದು ಇಷ್ಟೇ ಎಂದು 2020ರಲ್ಲಿ ಕಟ್ಟಿದ ಮಿತಿ 15,000 ರೂಪಾಯಿ. ಅದರಂತೆ ಮೂವತ್ತರಲ್ಲಿ ಸತ್ತವನ ಮನೆಗೆ ಹೆಚ್ಚೆಂದರೆ 15,59,850 ರೂಪಾಯಿ. ದಶಾಂಶದ ತನಕ ಎಣಿಸಿರುವ ಈ ನಿಷ್ಠುರತೆಯಲ್ಲಿ ಒಂದು ನ್ಯಾಯವಿದೆಯೆಂದೇ ನನ್ನ ಭಾವನೆ. ಬಾವಿ ತೋಡುವವನೂ ಕಲ್ಲು ಹೊರುವವನೂ ಈ ಲೆಕ್ಕದೊಳಗೆ ಬಂದರು. ಕೊಡಗೆಯ ಕಾಲದಲ್ಲಿ ಬರಲಿಲ್ಲ. ಹೆಂಡತಿ ತನ್ನ ಹೆಸರಿನಲ್ಲೇ ಹಕ್ಕುದಾರಳಾದಳು. ಆದರೆ ಈ ಲೆಕ್ಕವನ್ನು ಊರಿನ ದಾರಿಯಲ್ಲಿ ಯಾರೂ ಕೊರೆದು ನಿಲ್ಲಿಸಿಲ್ಲ. ಆದೇಶ ಕಚೇರಿಯ ಕಡತದಲ್ಲಿರುತ್ತದೆ, ಕಡತ ಕಟ್ಟಿನಲ್ಲಿರುತ್ತದೆ. ಅದು ತನಗೆ ಸಲ್ಲುತ್ತದೆಂದು ತಿಳಿದವಳಿಗೆ ಮಾತ್ರ ಅದು ಸಲ್ಲುತ್ತದೆ.

ಅತ್ತೆಗೆ ಈಗ ಎಂಬತ್ತು ದಾಟಿದೆ. ಹಿಪ್ಪುನೇರಳೆ ತೋಟಗಳಲ್ಲಿ ಸೊಪ್ಪು ಕೊಯ್ದು, ರೇಷ್ಮೆಗೂಡು ಬಿಡಿಸಿ ಇಬ್ಬರು ಮಕ್ಕಳನ್ನು ದಡ ಸೇರಿಸಿದವರು. ಹೋದ ಯುಗಾದಿಗೆ ಊರಿಗೆ ಹೋಗಿದ್ದಾಗ ಕೆರೆಯೇರಿಯ ಮೇಲೆ ಅವರೊಡನೆ ನಡೆದು ಹೋಗುತ್ತಿದ್ದೆ. ನಮ್ಮೂರ ವೀರಗಲ್ಲು ಅಲ್ಲಿಯೇ ಹುಣಸೆಮರದ ಕೆಳಗೆ ಅರ್ಧ ಹೂತುಹೋಗಿದೆ. ಅಕ್ಷರ ಬಹಳ ಸವೆದಿದೆ. 'ಸತ್ತಂ' ಎಂಬುದೂ ಕೆಳಗೆ 'ಕೊಡಗೆ' ಎಂಬುದೂ ಕಾಣುತ್ತವೆ. ಎಷ್ಟು ಕೊಳಗ ಎಂಬ ಕಡೆ ಕಲ್ಲು ಚಕ್ಕೆ ಎದ್ದಿದೆ. ಇಷ್ಟು ವರ್ಷ ಈ ಕಲ್ಲಿನ ಮೇಲೆ ಸೊಪ್ಪಿನ ಹೊರೆ ಇಳಿಸಿ ದಣಿವಾರಿಸಿಕೊಂಡಿದ್ದೇನೆ, ಏನು ಬರೆದಿದೆಯಪ್ಪ ಅದರಲ್ಲಿ ಎಂದು ಕೇಳಿದರು. ನಾನು ಓದಿ ಹೇಳಿದೆ: ಊರ ದನ ಬಿಡಿಸುವಾಗ ಇವನು ಸತ್ತ, ಇವನ ಮನೆಯವರಿಗೆ ಕೆರೆ ಕೆಳಗೆ ಗದ್ದೆ ಬಿಟ್ಟರು.

ಅತ್ತೆ ಸ್ವಲ್ಪ ಹೊತ್ತು ಕಲ್ಲನ್ನೇ ನೋಡಿದರು. 'ಗದ್ದೆ ಯಾರ ಹೆಸರಿಗೆ ಬರೆದ್ರಂತಪ್ಪ? ಮಗನ ಹೆಸರಿಗಾ, ಹೆಂಡ್ತಿ ಹೆಸರಿಗಾ?'

ಮಗನ ಹೆಸರಿಗೆ ಬರೆಯುವುದು ವಾಡಿಕೆ ಎಂದೆ.

'ಆ ಹುಡುಗಂಗೆ ಓದಕ್ಕೆ ಬರ್ತಿತ್ತಾ?' ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ, ಸೆರಗು ಸರಿಮಾಡಿಕೊಂಡು ಏರಿಯ ಇಳಿಜಾರಿನ ಕಡೆಗೆ ನಡೆದರು.